ಆನೆಯ ಮೂತ್ರದಲ್ಲಿ ಹಾರ್ಮೋನ್ ಶೇಷಗಳ ಅಳತೆ: ತೆಪ್ಪಕಾಡು ಶಿಬಿರವನ್ನು ಮುಂದಿಟ್ಟುಕೊಂಡು ವಿಧಾನಗಳ ಹೋಲಿಕೆ

1. ಪ್ರಶ್ನೆ

ನೀಲಗಿರಿ ಜಿಲ್ಲೆಯ ಮುದುಮಲೆ ಕಾಡಿನಲ್ಲಿ, ಮೋಯಾರ್ ಹೊಳೆಯ ದಡದ ತೆಪ್ಪಕಾಡು ಆನೆ ಶಿಬಿರದಲ್ಲಿ, ಒಂದು ಹೆಣ್ಣಾನೆಯ ಮೂತ್ರವನ್ನು ಬೆಳಗ್ಗೆ ಸೀಸೆಗೆ ಹಿಡಿದು ಮೂರು ಪಾಲು ಮಾಡಿ ಮೂರು ಪ್ರಯೋಗಾಲಯಗಳಿಗೆ ಕಳಿಸಿದರೆಂದು ಇಟ್ಟುಕೊಳ್ಳೋಣ. ಒಂದು ಕಡೆ ವಿಕಿರಣಶೀಲ ಗುರುತು ಬಳಸುವ ಆರ್‌ಐಎ, ಇನ್ನೊಂದು ಕಡೆ ಬಣ್ಣದಿಂದ ಅಳೆಯುವ ಎಲೈಸಾ, ಮತ್ತೊಂದು ಕಡೆ ಮಾಸ್ ಸ್ಪೆಕ್ಟ್ರೋಮೀಟರ್. ಮೂರು ವರದಿಗಳಲ್ಲೂ ‘ಕಾರ್ಟಿಸಾಲ್’ ಎಂದೇ ಬರೆದಿರುತ್ತದೆ, ಆದರೆ ಅಂಕಿಗಳು ಮೂರು ಬಗೆ. ಯಾರೂ ತಪ್ಪು ಮಾಡಿರಬೇಕಾಗಿಲ್ಲ. ಮೂರು ವಿಧಾನಗಳು ಆ ಸೀಸೆಯೊಳಗಿನ ಮೂರು ಬೇರೆ ಬೇರೆ ಗುಂಪುಗಳನ್ನು ಎಣಿಸಿವೆ, ಅಷ್ಟೆ.

ಈ ಟಿಪ್ಪಣಿಯಲ್ಲಿ ಹೊಸ ಅಳತೆಗಳಿಲ್ಲ. ಈಗಾಗಲೇ ಪ್ರಕಟವಾಗಿರುವ ಕೆಲಸವನ್ನೂ ಪ್ರತಿ ವಿಧಾನದ ಒಳಗಿನ ರಸಾಯನವನ್ನೂ ಮುಂದಿಟ್ಟುಕೊಂಡು, ಶಿಬಿರದ ಆನೆಗಳಿಗೆ ಯಾವ ಪ್ರಶ್ನೆ ಬಂದಾಗ ಯಾವ ವಿಧಾನ ಹೊಂದುತ್ತದೆ ಎಂದು ವಿಂಗಡಿಸುವುದು ಇದರ ಉದ್ದೇಶ. ಇದು ಬರಿಯ ಪ್ರಯೋಗಾಲಯದ ಚರ್ಚೆಯಲ್ಲ. ಮದ ಬರುತ್ತಿದೆಯೆಂದು ಸಲಗವನ್ನು ಬೇರೆ ಕಟ್ಟುವುದು, ಗಬ್ಬದ ಆನೆಯನ್ನು ಕೆಲಸದಿಂದ ಬಿಡಿಸುವುದು, ದಣಿದ ಆನೆಗೆ ವಿಶ್ರಾಂತಿ ಕೊಡುವುದು ಇಂಥ ತೀರ್ಮಾನಗಳಿಗೆ ಆ ಅಂಕಿ ಆಧಾರವಾದರೆ, ಅದರ ತಪ್ಪು ಓದಿಗೆ ಬೆಲೆ ತೆರುವುದು ಆನೆ ಮತ್ತು ಅದರ ಪಕ್ಕದಲ್ಲೇ ನಿಲ್ಲುವ ಮಾವುತ.

2. ಲದ್ದಿ ಮತ್ತು ಮೂತ್ರ

ಈ ಸೀಮೆಯ ಆನೆಗಳ ಹಾರ್ಮೋನ್ ಅಧ್ಯಯನ ಹೆಚ್ಚಾಗಿ ಲದ್ದಿಯನ್ನು ನಂಬಿಕೊಂಡು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಶರ್ಮಾ ಪೋಖರೆಲ್, ಪೊಲಾನಿ ಶೇಷಗಿರಿ, ರಾಮನ್ ಸುಕುಮಾರ್ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಮುದುಮಲೆ ಮತ್ತು ಬಂಡೀಪುರದ ಕಾಡಾನೆಗಳದ್ದು. ಮೈಕಟ್ಟು ಇಳಿದ ಆನೆಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನಿನ ಶೇಷಗಳು ಏರಿರುವುದನ್ನು, ಅದಕ್ಕೂ ಬೇಸಿಗೆ ಮಳೆಗಾಲಗಳಿಗೂ ಇರುವ ನಂಟನ್ನು ಅದು ತೋರಿಸಿತು. 2019ರಲ್ಲಿ ಹೈದರಾಬಾದಿನ ಲ್ಯಾಕೋನ್ಸ್ ಪ್ರಯೋಗಾಲಯದ ಜಿ. ಉಮಾಪತಿ ಮತ್ತು ಸಂಗಡಿಗರು ಮೈಸೂರು ಮೃಗಾಲಯ, ಮೈಸೂರು ದಸರಾ, ಮುದುಮಲೆ ಶಿಬಿರ ಮತ್ತು ಬಾಂಧವಗಢದ ಸಾಕಾನೆಗಳ ಲದ್ದಿಯನ್ನು ಹೋಲಿಸಿದರು. ಆ ಕೆಲಸದಿಂದಾಗಿ ತೆಪ್ಪಕಾಡಿನ ಆನೆಗಳೂ ದಸರೆಯ ಆನೆಗಳೂ ಒಂದೇ ಅಳತೆಗೋಲಿನ ಕೆಳಗೆ ಬಂದವು.

ಕಾಡಾನೆಗೆ ಲದ್ದಿಯೇ ಸರಿ. ನೆಲದ ಮೇಲೆ ಬಿದ್ದಿರುತ್ತದೆ, ಆನೆ ಮುಂದೆ ಹೋದಮೇಲೂ ಸಿಗುತ್ತದೆ. ಆದರೆ ಆನೆಯ ಕರುಳಿನಲ್ಲಿ ಮೇವು ಸಾಗಲು ಒಂದು ದಿನಕ್ಕೂ ಮೀರಿದ ಹೊತ್ತು ಬೇಕು. ಇಂದಿನ ಲದ್ದಿ ಹೇಳುವುದು ನಿನ್ನೆ ಮೊನ್ನೆಯ ಮಾತನ್ನು, ಅದೂ ಗಂಟೆಗಳ ಏರಿಳಿತವೆಲ್ಲ ಕಲಸಿಹೋದ ಸರಾಸರಿಯಾಗಿ. ಮೂತ್ರ ಕೆಲವೇ ಗಂಟೆಗಳ ಹಿಂದಿನದನ್ನು ಹೇಳುತ್ತದೆ. ಇನ್ನೊಂದು ಅಂಶವೂ ಉಂಟು. ಆಫ್ರಿಕದ ಆನೆಗಳಲ್ಲಿ ಗುರುತು ಹಾಕಿದ ಹಾರ್ಮೋನುಗಳ ಜಾಡು ಹಿಡಿದು ಸ್ಯಾಮ್ಯುಯೆಲ್ ವಾಸರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ ಎಸ್ಟ್ರಡಯಾಲ್ ಬಹುಪಾಲು ಮೂತ್ರದ ದಾರಿಯಲ್ಲೇ ಹೊರಬೀಳುತ್ತದೆ. ಪ್ರೊಜೆಸ್ಟರಾನ್ ಎರಡೂ ದಾರಿಗಳಲ್ಲಿ ಹಂಚಿಹೋಗುತ್ತದೆ. ಎಸ್ಟ್ರೊಜನ್ ಹುಡುಕುವವರು ಲದ್ದಿಯನ್ನಷ್ಟೇ ನೋಡಿದರೆ ಹೆಚ್ಚಿನದು ಕೈತಪ್ಪುತ್ತದೆ.

ಮೂತ್ರದ ಮಹತ್ವ ಆನೆಗೆ ನಮಗಿಂತ ಮೊದಲೇ ಗೊತ್ತು. ಸಲಗವು ಹೆಣ್ಣಾನೆಯ ಮೂತ್ರಕ್ಕೆ ಸೊಂಡಿಲ ತುದಿ ಮುಟ್ಟಿಸಿ, ಆ ತುದಿಯನ್ನು ಬಾಯಂಗಳದಲ್ಲಿರುವ ಗ್ರಹಣಾಂಗಕ್ಕೆ ಒಯ್ಯುವುದನ್ನು ಶಿಬಿರದಲ್ಲಿ ಯಾರೂ ಕಾಣಬಹುದು. ಬೆದೆ ಸಮೀಪಿಸಿದಂತೆ ಆ ಮೂತ್ರದಲ್ಲಿ ಏರುವ ವಸ್ತುವನ್ನು ಎಲ್.ಇ.ಎಲ್. ರಾಸ್ಮುಸೆನ್ ಮತ್ತು ಸಂಗಡಿಗರು 1996ರಲ್ಲಿ ಗುರುತಿಸಿದರು. ಅನೇಕ ಜಾತಿಯ ಪತಂಗಗಳೂ ಬಳಸುವ ಸರಳ ಅಣು ಅದು. ಸಲಗಕ್ಕೆ ಪ್ರಶ್ನೆ ಒಂದೇ, ಉತ್ತರ ಕೊಡುವ ಅಣುವೂ ಒಂದೇ. ನಮ್ಮ ಪ್ರಶ್ನೆಗಳು ಹಲವು, ಅಣುಗಳೂ ಹಲವು. ತೊಡಕು ಶುರುವಾಗುವುದು ಅಲ್ಲಿಂದ.

3. ಸೀಸೆಯೊಳಗೆ ಇರುವುದೇನು

ರಕ್ತದಲ್ಲಿ ಹರಿಯುವ ಹಾರ್ಮೋನ್ ಹಾಗೆಯೇ ಮೂತ್ರಕ್ಕೆ ಬರುವುದು ಕಡಿಮೆ. ಪಿತ್ತಜನಕಾಂಗ ಅದಕ್ಕೆ ಹೈಡ್ರೋಜನ್ ಸೇರಿಸುತ್ತದೆ, ಕೊಂಬೆಗಳನ್ನು ಬದಲಿಸುತ್ತದೆ, ಕೊನೆಗೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಮೆಟಬಾಲೈಟ್ ಎಂದು ಕರೆಯುವುದು ಈ ರೂಪಾಂತರಗಳನ್ನು. ಯಾವ ರೂಪಾಂತರ ಹೆಚ್ಚು ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ.

ಹೆಣ್ಣಿನ ಹಾರ್ಮೋನುಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮನುಷ್ಯರ ಮೂತ್ರದಲ್ಲಿ ಪ್ರೊಜೆಸ್ಟರಾನಿನ ಮುಖ್ಯ ಶೇಷ ಪ್ರೆಗ್ನೇನ್‌ಡಯಾಲ್. ಗೈ ಮೇರಿಯನ್ 1929ರಲ್ಲೇ ಅದನ್ನು ಗರ್ಭಿಣಿಯರ ಮೂತ್ರದಿಂದ ಬೇರ್ಪಡಿಸಿದ್ದರು. ಆನೆಯ ಅಂಡಾಶಯ ಹೆಚ್ಚಾಗಿ ಸ್ರವಿಸುವುದು ಪ್ರೊಜೆಸ್ಟರಾನನ್ನಲ್ಲ, ಅದರ 5-ಆಲ್ಫಾ ರೂಪಗಳನ್ನು. ಏಷ್ಯಾದ ಆನೆಯ ಬೆದೆಯ ಚಕ್ರವನ್ನು ಮೂತ್ರದಲ್ಲಿ ಹಿಂಬಾಲಿಸಲು 1993ರಲ್ಲಿ ನೀಮುಲರ್, ಶಾ ಮತ್ತು ಹಾಡ್ಜಸ್ ಆರಿಸಿಕೊಂಡ ಗುರುತು ಪ್ರೆಗ್ನೇನ್‌ಟ್ರಯಾಲ್. ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸ ಕಂಡರೂ ರಸಾಯನದಲ್ಲಿ ಅದು ಬೇರೆ ವಸ್ತು. ಮನುಷ್ಯರಿಗೆಂದು ಮಾಡಿದ ಕಿಟ್ಟನ್ನು ಪರೀಕ್ಷಿಸದೆ ಆನೆಗೆ ಹಚ್ಚಿದರೆ, ಮೂತ್ರದಲ್ಲಿ ಇಲ್ಲದ್ದನ್ನು ಹುಡುಕಿ ‘ಆನೆ ಬೆದೆಗೆ ಬರುತ್ತಿಲ್ಲ’ ಎಂಬ ತೀರ್ಮಾನಕ್ಕೆ ಬರುವ ಅಪಾಯವಿದೆ.

4. ನೀರಿನ ಲೆಕ್ಕ

ಆನೆ ಹೊಳೆಯಲ್ಲಿ ಯಥೇಚ್ಛ ನೀರು ಕುಡಿದು ಬಂದ ಮೇಲೆ ಮೂತ್ರ ತಿಳಿಯಾಗಿರುತ್ತದೆ. ಮಸಿನಗುಡಿ ಕಡೆಯ ಬೇಸಿಗೆಯಲ್ಲಿ ಗಟ್ಟಿಯಾಗಿರುತ್ತದೆ. ಹಾರ್ಮೋನ್ ಅಷ್ಟೇ ಇದ್ದರೂ ಪ್ರತಿ ಮಿಲಿಲೀಟರಿನ ಅಂಕಿ ಬದಲಾಗುತ್ತದೆ. ಇದನ್ನು ಸರಿದೂಗಿಸಲು ಸ್ನಾಯುಗಳಿಂದ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಹೊರಬೀಳುವ ಕ್ರಿಯಾಟಿನೀನ್ ಅಳೆದು, ಹಾರ್ಮೋನನ್ನು ಅದರಿಂದ ಭಾಗಿಸುತ್ತಾರೆ. ಉದಾಹರಣೆಗೆಂದು ಹಿಡಿದ ಅಂಕಿಗಳಲ್ಲಿ ಹೇಳುವುದಾದರೆ, ಗಟ್ಟಿ ಮೂತ್ರದಲ್ಲಿ ಹಾರ್ಮೋನ್ 12 ನ್ಯಾನೊಗ್ರಾಂ, ಕ್ರಿಯಾಟಿನೀನ್ 0.6 ಮಿಲಿಗ್ರಾಂ ಇದ್ದರೆ ಭಾಗಲಬ್ಧ 20. ನೀರು ಇಮ್ಮಡಿಯಾದಾಗ ಅವು 6 ಮತ್ತು 0.3 ಆಗುತ್ತವೆ, ಭಾಗಲಬ್ಧ ಮತ್ತೆ 20.

ಈ ಲೆಕ್ಕ ಛೇದದಲ್ಲಿರುವ ಸಂಖ್ಯೆ ನಂಬುವಂಥದ್ದಾಗಿದ್ದರೆ ಮಾತ್ರ ನಿಲ್ಲುತ್ತದೆ. ಮ್ಯಾಕ್ಸ್ ಯಾಫೆ 1886ರಲ್ಲಿ ವರ್ಣಿಸಿದ ಕ್ಷಾರೀಯ ಪಿಕ್ರೇಟಿನ ಕೆಂಗಿತ್ತಳೆ ಬಣ್ಣದ ಕ್ರಿಯೆ ಇಂದಿಗೂ ಅಗ್ಗವೂ ಸುಲಭವೂ ಹೌದು. ಆದರೆ ಕ್ರಿಯಾಟಿನೀನ್ ಅಲ್ಲದ ಕೆಲವು ವಸ್ತುಗಳೂ ಅದೇ ಬಣ್ಣ ಕೊಡುತ್ತವೆ. ಸೊಪ್ಪುಸದೆ ತಿನ್ನುವ ಪ್ರಾಣಿಯ ಬಣ್ಣಗಟ್ಟಿದ ಮೂತ್ರದಲ್ಲಿ ಕಿಣ್ವ ಆಧಾರಿತ ವಿಧಾನ ಹೆಚ್ಚು ನಂಬಿಕೆಗೆ ಅರ್ಹ. ಮುದಿಯಾಗಿ ಸ್ನಾಯು ಕರಗಿದ ಆನೆಯಲ್ಲಿ ಕ್ರಿಯಾಟಿನೀನೇ ಕಡಿಮೆಯಾಗಿ ಹಾರ್ಮೋನ್ ಸುಳ್ಳೇ ಏರಿದಂತೆ ಕಾಣಬಹುದು. ಬಿಸಿಲಲ್ಲಿಟ್ಟ ಮಾದರಿಯಲ್ಲಿ ಬ್ಯಾಕ್ಟೀರಿಯಾ ಕ್ರಿಯಾಟಿನೀನನ್ನು ತಿಂದುಹಾಕಿದರೂ ಫಲ ಅದೇ. ಆದ್ದರಿಂದ ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿನಿಂದ ಮೂತ್ರದ ಸಾಪೇಕ್ಷ ಸಾಂದ್ರತೆಯನ್ನೂ ಶಿಬಿರದಲ್ಲೇ ಅಳೆದು ಬರೆದಿಡುವುದು ಒಳ್ಳೆಯದು. ಎರಡು ತಿದ್ದುಪಡಿಗಳು ಬೇರೆ ಬೇರೆ ಮಾತು ಹೇಳಿದರೆ ಆ ಮಾದರಿಯನ್ನು ಮತ್ತೆ ನೋಡಬೇಕೆಂಬ ಸೂಚನೆ ಅದು.

5. ಅಳೆಯುವ ದಾರಿಗಳು

ಮೊದಮೊದಲ ದಾರಿ ಬೇರ್ಪಡಿಸಿ ತೂಗುವುದು. ಅಡಾಲ್ಫ್ ಬ್ಯೂಟನಾಂಟ್ 1931ರಲ್ಲಿ ಗಂಡಸರ ಮೂತ್ರದಿಂದ ಆಂಡ್ರೊಸ್ಟಿರೋನ್ ತೆಗೆದಾಗ 15,000 ಲೀಟರಿನಿಂದ ದೊರೆತದ್ದು ಸುಮಾರು 15 ಮಿಲಿಗ್ರಾಂ. ಇಂದು ಒಂದು ಮಿಲಿಲೀಟರಿಗಿಂತ ಕಡಿಮೆ ಮೂತ್ರ ಸಾಕಾಗುವುದು ಮುಂದೆ ಬಂದ ವಿಧಾನಗಳಿಂದ.

*ಆರ್‌ಐಎ.* ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ 1950ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನ. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ವಿಕಿರಣಶೀಲ ಗುರುತಿನ ಹಾರ್ಮೋನು ಮತ್ತು ಮಾದರಿಯ ಹಾರ್ಮೋನು ಒಂದೇ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುತ್ತವೆ. ಬಹಳ ಸೂಕ್ಷ್ಮ, ಮೂತ್ರದ ಬಣ್ಣ ಇದಕ್ಕೆ ಅಡ್ಡಿಯಲ್ಲ. ಆದರೆ ಅಯೋಡಿನ್-125ರ ಅರ್ಧಾಯುಷ್ಯ ಸುಮಾರು 60 ದಿನ. ಕಿಟ್ಟನ್ನು ಕೂಡಿಡಲು ಬರುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ತ್ಯಾಜ್ಯದ ವಿಲೇವಾರಿ ಎಲ್ಲವೂ ಬೇಕು. ಕಾಡಂಚಿನ ಕೇಂದ್ರಕ್ಕೆ ಇದು ಒಗ್ಗುವುದಿಲ್ಲ.

*ಎಲೈಸಾ.* ಏವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ 1971ರಲ್ಲಿ ಮಂಡಿಸಿದ ತತ್ವದ ಮೇಲೆ ಬೆಳೆದದ್ದು. ವಿಕಿರಣದ ಜಾಗದಲ್ಲಿ ಕಿಣ್ವ, 96 ಗುಳಿಗಳ ತಟ್ಟೆ. ಸ್ಟೀರಾಯ್ಡುಗಳ ಪೈಪೋಟಿ ಬಗೆಯ ಎಲೈಸಾದಲ್ಲಿ ಹಾರ್ಮೋನ್ ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ. ಖರ್ಚು ಕಡಿಮೆ, ಅದೇ ದಿನ ಫಲಿತಾಂಶ ಸಿಗುತ್ತದೆ. ಆರ್‌ಐಎ ಮತ್ತು ಎಲೈಸಾ ಎರಡರದೂ ಒಂದೇ ಮಿತಿ: ಪ್ರತಿಕಾಯವು ಹೆಸರನ್ನು ಓದುವುದಿಲ್ಲ, ಆಕಾರವನ್ನು ಹಿಡಿಯುತ್ತದೆ. ಹೋಲುವ ಆಕಾರದ ಶೇಷಗಳನ್ನೂ ಅದು ಹಿಡಿಯುತ್ತದೆ. ‘ಕಾರ್ಟಿಸಾಲ್’ ಎಂದು ಬಂದ ಅಂಕಿಯಲ್ಲಿ ಕಾರ್ಟಿಸಾಲಿನ ನೆಂಟರೂ ಸೇರಿರುತ್ತಾರೆ. ಕೆಲವೊಮ್ಮೆ ಇದು ದೋಷವಲ್ಲ, ಅನುಕೂಲ. ಮೂಲ ಹಾರ್ಮೋನೇ ಅಪರೂಪವಾಗಿರುವಾಗ ಶೇಷಗಳ ಗುಂಪನ್ನೇ ಹಿಡಿಯುವ ಪ್ರತಿಕಾಯ ದೇಹದ ಏರಿಳಿತವನ್ನು ಚೆನ್ನಾಗಿ ತೋರಿಸಬಲ್ಲದು.

*ಮಾಸ್ ಸ್ಪೆಕ್ಟ್ರೋಮೀಟರ್.* ಮೊದಲು ಕ್ರೊಮಟೋಗ್ರಫಿಯಿಂದ ಅಣುಗಳನ್ನು ಬಿಡಿಬಿಡಿಯಾಗಿಸಿ, ಮತ್ತೆ ಅವುಗಳ ತೂಕ ಮತ್ತು ಒಡೆದ ಚೂರುಗಳಿಂದ ಗುರುತಿಸುವುದು. ಇದು ಆಕಾರದ ಊಹೆಯಲ್ಲ, ಗುರುತಿನ ಪುರಾವೆ. ಒಂದೇ ಓಟದಲ್ಲಿ ಹತ್ತಾರು ಸ್ಟೀರಾಯ್ಡುಗಳನ್ನು ಎಣಿಸಬಹುದು. ಇದಕ್ಕೂ ಮೂರು ಎಚ್ಚರಿಕೆಗಳಿವೆ. ಮೊದಲನೆಯದಾಗಿ, ಮೂತ್ರದ ಲವಣಗಳು ಅಣುಗಳ ವಿದ್ಯುದಾವೇಶವನ್ನು ಅಡಗಿಸಿ ಅಂಕಿಯನ್ನು ಇಳಿಸುತ್ತವೆ. ಡ್ಯೂಟೀರಿಯಂ ಸೇರಿಸಿದ ಆಂತರಿಕ ಮಾನಕ ಹಾಕದ ಅಳತೆಯನ್ನು ನಂಬಲಾಗದು. ಎರಡನೆಯದಾಗಿ, 5-ಆಲ್ಫಾ ಮತ್ತು 5-ಬೀಟಾ ರೂಪಗಳ ತೂಕ ಒಂದೇ, ಆದ್ದರಿಂದ ಆನೆಯ ವಿಷಯದಲ್ಲಿ ಬಹುಮುಖ್ಯವಾದ ಈ ಭೇದವನ್ನು ಕ್ರೊಮಟೋಗ್ರಫಿಯೇ ಮಾಡಿಕೊಡಬೇಕು. ಮೂರನೆಯದಾಗಿ, ಕಾರ್ಟಿಸಾಲ್, ಟೆಸ್ಟೊಸ್ಟಿರಾನ್‌ಗಳಿಗೆ ದ್ರವ ಕ್ರೊಮಟೋಗ್ರಫಿಯ ಯಂತ್ರ ಚೆನ್ನಾಗಿ ಒಗ್ಗಿದರೂ, ಪ್ರೆಗ್ನೇನ್‌ಟ್ರಯಾಲಿನಂಥ ಪೂರ್ತಿ ಹೈಡ್ರೋಜನ್ ತುಂಬಿದ ಶೇಷಗಳು ಅದರಲ್ಲಿ ಸುಲಭವಾಗಿ ಆವೇಶ ಪಡೆಯುವುದಿಲ್ಲ. ಅವುಗಳಿಗೆ ಹಳೆಯ ಅನಿಲ ಕ್ರೊಮಟೋಗ್ರಫಿಯ ದಾರಿಯೇ ವಾಸಿ. ಯಂತ್ರ ದುಬಾರಿಯೆಂದ ಮಾತ್ರಕ್ಕೆ ಎಲ್ಲ ಪ್ರಶ್ನೆಗೂ ಅದೇ ಉತ್ತರವಲ್ಲ.

6. ಯಂತ್ರಕ್ಕೂ ಮೊದಲಿನ ಹೆಜ್ಜೆ

ವಿಧಾನಗಳ ವ್ಯತ್ಯಾಸಕ್ಕೆ ಅಳೆಯುವ ಯಂತ್ರವನ್ನಷ್ಟೇ ದೂರುವುದು ವಾಡಿಕೆ. ಅದಕ್ಕೂ ಹಿಂದಿನ ತಯಾರಿಯಲ್ಲೇ ಅಷ್ಟೇ ದೊಡ್ಡ ವ್ಯತ್ಯಾಸ ಹುಟ್ಟುತ್ತದೆ. ಡೈಕ್ಲೋರೋಮೀಥೇನಿನಂಥ ದ್ರಾವಕದಲ್ಲಿ ಮೂತ್ರವನ್ನು ಕುಲುಕಿದರೆ ಬಿಡಿ ಸ್ಟೀರಾಯ್ಡು ದ್ರಾವಕಕ್ಕೆ ಹೋಗುತ್ತದೆ, ಗ್ಲುಕುರೊನೈಡ್ ಜೋಡಿಯಾದದ್ದು ನೀರಿನಲ್ಲೇ ಉಳಿಯುತ್ತದೆ. ಕುಲುಕದೆ ನೇರವಾಗಿ ಅಳೆದರೆ ಎರಡೂ ಪ್ರತಿಕಾಯದ ಎದುರಿಗೆ ಬರುತ್ತವೆ. ಕಿಣ್ವದಿಂದ ಜೋಡಿಯನ್ನು ಬಿಡಿಸಿ ಅಳೆದರೆ ಒಟ್ಟು ಮೊತ್ತ ಸಿಗುತ್ತದೆ. ಆ ಕಿಣ್ವದಲ್ಲೂ ಭೇದವುಂಟು: ಬಸವನಹುಳುವಿನ ಜೀರ್ಣರಸದಿಂದ ತೆಗೆದದ್ದು ಸಲ್ಫೇಟನ್ನೂ ಬಿಡಿಸುತ್ತದೆ, ಜೊತೆಗೆ ಕೆಲವು ಸ್ಟೀರಾಯ್ಡುಗಳನ್ನು ಬೇರೆ ರೂಪಕ್ಕೆ ತಿರುಗಿಸಿಬಿಡುವುದೂ ಉಂಟು. ಇ. ಕೊಲಿ ಬ್ಯಾಕ್ಟೀರಿಯಾದ್ದು ಗ್ಲುಕುರೊನೈಡನ್ನು ಮಾತ್ರ ಬಿಡಿಸುತ್ತದೆ. ಹುಲ್ಲು ಸೊಪ್ಪು ತಿನ್ನುವ ಪ್ರಾಣಿಗಳ ಮೂತ್ರ ಸಾಮಾನ್ಯವಾಗಿ ಕ್ಷಾರೀಯ. ಬಸವನಹುಳುವಿನ ಕಿಣ್ವ ಕೆಲಸ ಮಾಡುವುದು ಆಮ್ಲೀಯ ದ್ರಾವಣದಲ್ಲಿ. ಮನುಷ್ಯರ ಮೂತ್ರಕ್ಕೆ ಹಾಕುವಷ್ಟೇ ಬಫರ್ ಹಾಕಿ ಪಿಎಚ್ ಪರೀಕ್ಷಿಸದೆ ಬಿಟ್ಟರೆ ಕಿಣ್ವ ಅರ್ಧ ಕೆಲಸದಲ್ಲೇ ನಿಂತು, ಅಂಕಿ ಸದ್ದಿಲ್ಲದೆ ಇಳಿಯುತ್ತದೆ.

ಜನೈನ್ ಬ್ರೌನ್ ಮತ್ತು ಸಂಗಡಿಗರು 2010ರಲ್ಲಿ ಏಷ್ಯಾ ಮತ್ತು ಆಫ್ರಿಕದ ಆನೆಗಳ ಮೂತ್ರದ ಮೇಲೆ ಇದೇ ಹೋಲಿಕೆ ಮಾಡಿದರು: ಆರ್‌ಐಎ ಮತ್ತು ಕಿಣ್ವ ವಿಧಾನ, ದ್ರಾವಕದಿಂದ ತೆಗೆದದ್ದು ಮತ್ತು ನೇರ ಮೂತ್ರ. ಏರಿಳಿತದ ರೇಖೆಗಳು ಒಂದನ್ನೊಂದು ಹೋಲಿದವು, ದಿನದ ಹೊತ್ತಿಗೆ ತಕ್ಕ ಬದಲಾವಣೆಯೂ ಕಂಡಿತು. ಆಕೃತಿಯಲ್ಲಿ ಒಂದಾದ ಮಾತ್ರಕ್ಕೆ ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಕೂಡಿ ಕಳೆಯಲು ಬರುವುದಿಲ್ಲ.

ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಮಾತು. ಎರಡನೆಯ ವಿಧಾನ ಯಾವಾಗಲೂ ಮೊದಲನೆಯದರ ಮೂರು ಪಟ್ಟು ತೋರಿಸಿದರೆ ಅವುಗಳ ಸಹಸಂಬಂಧ ಪರಿಪೂರ್ಣ 1. ಒಪ್ಪಿಗೆ ಮಾತ್ರ ಎಲ್ಲೂ ಇಲ್ಲ. ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಒತ್ತಿ ಹೇಳಿದ್ದು ಇದನ್ನೇ: ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಬಿಡಿಸಿ ನೋಡಬೇಕು. ಇದರ ಜೊತೆಗೆ, ಮೂತ್ರವನ್ನು ಹಂತಹಂತವಾಗಿ ತೆಳುಮಾಡಿದಾಗ ಬರುವ ಗೆರೆ ಮಾನಕದ ಗೆರೆಗೆ ಸಮಾಂತರವಾಗಿದೆಯೇ, ಬೆರೆಸಿದಷ್ಟು ಹಾರ್ಮೋನ್ ಮರಳಿ ಸಿಗುತ್ತದೆಯೇ ಎಂಬ ಎರಡು ಪರೀಕ್ಷೆಗಳಿಲ್ಲದ ಎಲೈಸಾ ವರದಿ ಅಪೂರ್ಣ.

7. ಪ್ರಶ್ನೆಗೆ ತಕ್ಕ ವಿಧಾನ

ವಿಧಾನದ ಆಯ್ಕೆಯನ್ನು ನಿರ್ಧರಿಸಬೇಕಾದದ್ದು, ಹುಡುಕುತ್ತಿರುವ ಬದಲಾವಣೆ ಎಷ್ಟು ದೊಡ್ಡದು ಮತ್ತು ಉತ್ತರ ಎಷ್ಟು ಬೇಗ ಬೇಕು ಎಂಬುದು.

*ಮದ.* ಶ್ರೀಲಂಕಾದ ಆನೆಗಳ ರಕ್ತದಲ್ಲಿ ಜೈನುದ್ದೀನ್, ಕಟೊಂಗೋಲೆ ಮತ್ತು ಶಾರ್ಟ್ 1972ರಲ್ಲಿ ಅಳೆದಾಗ ಟೆಸ್ಟೊಸ್ಟಿರಾನ್ ಮದವಿಲ್ಲದಾಗ ಮಿಲಿಲೀಟರಿಗೆ 0.2ರಿಂದ 1.4 ನ್ಯಾನೊಗ್ರಾಂ, ಪೂರ್ಣ ಮದದಲ್ಲಿ 29.6ರಿಂದ 65.4. ಇಪ್ಪತ್ತು ಪಟ್ಟಿಗೂ ಮಿಗಿಲಾದ ಇಂಥ ನೆಗೆತವನ್ನು ಸಾಧಾರಣ ಎಲೈಸಾ ಕೂಡ ತಪ್ಪಿಸಿಕೊಳ್ಳದು. ಆದರೆ ಮದದ ಸಲಗ ಮೂತ್ರವನ್ನು ತೊಟ್ಟಿಕ್ಕಿಸುತ್ತಲೇ ಇರುತ್ತದೆ, ಹಿಂಗಾಲು ಒದ್ದೆಯಾಗಿರುತ್ತದೆ. ಹತ್ತಿರ ಹೋಗಿ ಸೀಸೆ ಹಿಡಿಯುವುದು ಯಾರಿಂದಲೂ ಕೇಳಬಾರದ ಕೆಲಸ. ಮೂತ್ರಪರೀಕ್ಷೆ ಉಪಯೋಗಕ್ಕೆ ಬರುವುದು ಅದಕ್ಕೂ ಮುಂಚಿನ ವಾರಗಳಲ್ಲಿ, ಕಪೋಲ ಒದ್ದೆಯಾಗುವ ಮೊದಲೇ ಏರಿಕೆಯನ್ನು ಹಿಡಿಯಲು.

*ಬೆದೆ ಮತ್ತು ಗಬ್ಬ.* ಆನೆಯ ಬೆದೆಯ ಚಕ್ರ 13ರಿಂದ 17 ವಾರ, ಗರ್ಭ 20ರಿಂದ 22 ತಿಂಗಳು. ಅಂಡೋತ್ಸರ್ಗದ ನಂತರ ಪ್ರೊಜೆಸ್ಟಿನ್ ಗುಂಪಿನ ಏರಿಕೆ ಸಾಮಾನ್ಯವಾಗಿ ಎಂಟು ಹತ್ತು ವಾರಗಳಲ್ಲಿ ಇಳಿಯಬೇಕು. ಇಳಿಯದೆ ಮುಂದುವರಿದರೆ ಗಬ್ಬದ ಸೂಚನೆ. ಇದಕ್ಕೆ ವಾರಕ್ಕೊಂದು ಮಾದರಿ, ಒಂದೇ ಕಡೆ, ಒಂದೇ ಪ್ರತಿಕಾಯದಿಂದ ಅಳೆದರೆ ಸಾಕು. ಹೆರಿಗೆಗೆ ಎರಡರಿಂದ ಐದು ದಿನ ಮುಂಚೆ ಆ ಮಟ್ಟ ತಳಕ್ಕೆ ಕುಸಿಯುತ್ತದೆ. ಆಗ ಬೇಕಾದದ್ದು ಅದೇ ದಿನದ ಉತ್ತರ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. ಸಂಜೆ ಹಿಡಿದ ಮಾದರಿ ಮೈಸೂರನ್ನೋ ಬೆಂಗಳೂರನ್ನೋ ಮುಟ್ಟುವುದು ಮರುದಿನವೇ. ದೂರದ ದುಬಾರಿ ಯಂತ್ರದ ನಿಖರ ಅಂಕಿ ಮರಿ ಹುಟ್ಟಿದ ಮೇಲೆ ಬಂದರೆ ಯಾರಿಗೆ ಬೇಕು? ಇಲ್ಲಿ ಹತ್ತಿರದ ಎಲೈಸಾ ತಟ್ಟೆಯೇ ಮೇಲು.

*ಒತ್ತಡ.* ಕಷ್ಟವಿರುವುದು ಇಲ್ಲಿ. ಕಾರ್ಟಿಸಾಲಿನ ಅರ್ಥವುಳ್ಳ ಏರಿಕೆ ಒಂದೂವರೆ ಎರಡು ಪಟ್ಟು ಮಾತ್ರ ಇರಬಹುದು, ಮತ್ತು ದಿನದ ಸಹಜ ಏರಿಳಿತವೇ ಅಷ್ಟಿರಬಹುದು. ಶಿಬಿರದ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಟ್ಟು, ಬೆಳಗ್ಗೆ ಮಾವುತರು ಜಾಡು ಹಿಡಿದು ಕರೆತರುತ್ತಾರೆ. ಒಂದು ಆನೆ ಏಳಕ್ಕೆ ಸಿಕ್ಕಿ, ಇನ್ನೊಂದು ಹತ್ತಕ್ಕೆ ಸಿಕ್ಕಿದರೆ, ಎರಡರ ಅಂಕಿಗಳ ವ್ಯತ್ಯಾಸ ಒತ್ತಡದ್ದೋ ಗಡಿಯಾರದ್ದೋ ಹೇಳಲಾಗದು. ಸಣ್ಣ ಬದಲಾವಣೆಯನ್ನು ಹುಡುಕುವಾಗ ಪ್ರತಿಕಾಯ ಹಿಡಿದಿರುವುದು ಏನನ್ನು ಎಂಬುದೂ ಖಚಿತವಾಗಿರಬೇಕು. ಮಾಸ್ ಸ್ಪೆಕ್ಟ್ರೋಮೀಟರಿನ ಸಾಕ್ಷ್ಯ ಅತ್ಯಗತ್ಯವಾಗುವ ಪ್ರಶ್ನೆ ಇದೊಂದೇ.

8. ತೆಪ್ಪಕಾಡಿಗೆ ಹೊಂದುವ ಕ್ರಮ

ಮೇಲಿನ ವಿಂಗಡಣೆಯಿಂದ ಎರಡು ಹಂತದ ಕ್ರಮವೊಂದನ್ನು ಸೂಚಿಸಬಹುದು. ನಿತ್ಯದ ನಿಗಾವಣೆಗೆ ಎಲೈಸಾ. ವರ್ಷಕ್ಕೊಮ್ಮೆ, ಪ್ರತಿ ಋತುವಿನ ಕೆಲವು ಮಾದರಿಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸಿ, ಆ ಪ್ರತಿಕಾಯ ಹಿಡಿಯುತ್ತಿರುವ ಶೇಷಗಳ ಪಟ್ಟಿ ಮಾಡಿಟ್ಟುಕೊಳ್ಳುವುದು. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಮೇವು ಬೇರೆ. ಶಿಬಿರದಲ್ಲಿ ಕೊಡುವ ರಾಗಿ, ಹುರುಳಿಯ ಜೊತೆ ಕಾಡಿನ ತೊಗಟೆ, ಬಿದಿರು, ಹುಲ್ಲಿನ ಪ್ರಮಾಣ ಬದಲಾದಂತೆ ಮೂತ್ರದ ಬಣ್ಣ ಲವಣಗಳೂ ಬದಲಾಗುತ್ತವೆ. ಆದ್ದರಿಂದ ಸಮಾಂತರತೆಯ ಪರೀಕ್ಷೆಯನ್ನು ಎರಡೂ ಕಾಲಗಳಲ್ಲಿ ಮಾಡಬೇಕು.

ಇದಕ್ಕೆ ಬೇಕಾದ ನೆರವು ದೂರದಲ್ಲಿಲ್ಲ. ಮಸಿನಗುಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರವಿದೆ. ಕಲ್ಹಟ್ಟಿ ಘಟ್ಟದ 36 ತಿರುವು ಹತ್ತಿದರೆ ಉದಕಮಂಡಲದಲ್ಲಿ, ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ 1980ರಲ್ಲಿ ತೆರೆದ ಔಷಧ ವಿಜ್ಞಾನದ ಕಾಲೇಜಿದೆ. ಔಷಧವನ್ನು ರಕ್ತ ಮೂತ್ರಗಳಲ್ಲಿ ಅಳೆಯುವ ವಿದ್ಯೆಗೂ ಸ್ಟೀರಾಯ್ಡ್ ಅಳೆಯುವ ವಿದ್ಯೆಗೂ ಬುಡ ಒಂದೇ. ಹಿರಿಯ ಪಶುವೈದ್ಯ ವಿ. ಕೃಷ್ಣಮೂರ್ತಿ ಅವರು ಇದೇ ಕಾಡಿನಲ್ಲಿ ಆನೆಗಳ ಶವಪರೀಕ್ಷೆಯ ದಾಖಲೆಗಳನ್ನು ಶ್ರದ್ಧೆಯಿಂದ ಕೂಡಿಸಿದ ಪರಂಪರೆಯೂ ಇಲ್ಲಿದೆ. ಸತ್ತ ಆನೆಗೆ ತೋರಿದ ಆ ಶ್ರದ್ಧೆ ಬದುಕಿರುವ ಆನೆಯ ದಿನಚರಿಗೂ ಸಲ್ಲಬೇಕು.

ಸಂಗ್ರಹಣೆಯ ನಿಯಮಗಳು ಕೆಲವೇ. ನೆಲಕ್ಕೆ ಬೀಳುವ ಮೊದಲೇ, ಉದ್ದನೆಯ ಹಿಡಿಯ ಪಾತ್ರೆಯಲ್ಲಿ, ಧಾರೆಯ ನಡುಭಾಗದಿಂದ ಹಿಡಿಯಬೇಕು. ಕೂಡಲೇ ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿ, ಅದೇ ದಿನ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಬೇಕು. ಮೊದಲೇ ಸಣ್ಣ ಪಾಲುಗಳಾಗಿ ಹಂಚಿಟ್ಟರೆ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವ ಪ್ರಮೇಯ ಬರುವುದಿಲ್ಲ. ವಿದ್ಯುತ್ತು ನೆಚ್ಚಿಕೆಯಿಲ್ಲದ ಕಡೆ, ಕಾಡಿನ ವಾನರಗಳ ಅಧ್ಯಯನದಲ್ಲಿ ಬಳಸಿದಂತೆ, ಸೋಸು ಕಾಗದದ ಮೇಲೆ ಒಣಗಿಸಿ ಇಡಬಹುದು; ಗೂಡಲೂರಿನ ಜೂನ್ ಜುಲೈ ಮಳೆಯಲ್ಲಿ ಅದು ತಾನಾಗಿ ಒಣಗದು, ಸಿಲಿಕಾ ಹರಳು ಹಾಕಿದ ಮುಚ್ಚಿದ ಡಬ್ಬಿ ಬೇಕು.

9. ಕೊನೆಯ ಮಾತು

ಯಾವ ವಿಧಾನ ಶ್ರೇಷ್ಠ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಮದಕ್ಕೆ, ಗಬ್ಬಕ್ಕೆ, ಹೆರಿಗೆಯ ದಿನಕ್ಕೆ ಎಲೈಸಾ ಸಾಕು. ಒತ್ತಡದ ಮಾತಿಗೆ ಅದೊಂದೇ ಸಾಲದು. ಆದರೆ ಎಲ್ಲ ಪ್ರಶ್ನೆಗಳಿಗೂ ಸಲ್ಲುವ ನಿಯಮವೊಂದಿದೆ. ಪ್ರಕಟವಾಗುವ ಪ್ರತಿ ಅಂಕಿಯ ಪಕ್ಕದಲ್ಲಿ ಮಾದರಿ ಹಿಡಿದ ಹೊತ್ತು, ನೇರವೋ ದ್ರಾವಕದ್ದೋ, ಯಾವ ಕಿಣ್ವ, ಯಾವ ಪ್ರತಿಕಾಯ, ಯಾವ ತಿದ್ದುಪಡಿ ಎಂಬ ಐದು ಸಂಗತಿಗಳು ಇರಲೇಬೇಕು. ಅವಿಲ್ಲದೆ ಮೈಸೂರಿನ ಆನೆಯ 20ನ್ನೂ ತೆಪ್ಪಕಾಡಿನ ಆನೆಯ 40ನ್ನೂ ಪಕ್ಕಪಕ್ಕ ಇಟ್ಟು ‘ಇಲ್ಲಿನ ಆನೆಗೆ ಇಮ್ಮಡಿ ಒತ್ತಡ’ ಎಂದರೆ, ಅದು ಆನೆಯ ಬಗ್ಗೆ ಹೇಳಿದ ಮಾತಾಗುವುದಿಲ್ಲ.

ಆ ಐದರಲ್ಲಿ ನಾಲ್ಕು ಪ್ರಯೋಗಾಲಯದ ಕೈಯಲ್ಲಿವೆ. ಮೊದಲನೆಯದು, ಹೊತ್ತು, ಬೆಳಗಿನ ಮಂಜಿನಲ್ಲಿ ಆನೆಯ ಜಾಡು ಹಿಡಿದು ಹೋದ ಮಾವುತನ ಕೈಯಲ್ಲಿದೆ. ಯಾವ ಯಂತ್ರವೂ ಅದನ್ನು ಆಮೇಲೆ ಕಂಡುಹಿಡಿಯಲಾರದು. ಆದ್ದರಿಂದ ಈ ಅಳತೆಗಳ ಪ್ರಬಂಧಗಳಲ್ಲಿ ಆ ಕೆಲಸಕ್ಕೂ ಹೆಸರಿನ ಪಾಲು ಸಲ್ಲಬೇಕು. ಶಿಬಿರಕ್ಕೆ ಕೊಡುವ ಮೊದಲ ಉಪಕರಣ ಒಂದು ಕೈಗಡಿಯಾರ ಮತ್ತು ನೀರಿಗೆ ಅಳಿಸದ ಪೆನ್ನು ಆಗಿರಬೇಕು.